ಪದ ಪರಿಚಯ: ಡೆಡ್‌ಲಾಕ್

ಡೆಡ್‌ಲಾಕ್ ಎಂಬ ಪದವು ಗಣಕಶಾಸ್ತ್ರದಲ್ಲಿ ಹುಟ್ಟಿದುದಲ್ಲ; 1779ರಲ್ಲಿ ರಂಗವನ್ನೇರಿದ ಶೆರಿಡನ್ನನ ‘ದಿ ಕ್ರಿಟಿಕ್’ ಪ್ರಹಸನದಲ್ಲಿ, ಪರಸ್ಪರ ಕತ್ತಿ ಕಠಾರಿಗಳನ್ನು ಗುರಿಯಿಟ್ಟು, ಮೊದಲು ಕೈಸಡಿಲಿಸಲು ಎಲ್ಲರೂ ಅಂಜಿ ನಿಂತ ವಿನೋದಕರ ಸನ್ನಿವೇಶಕ್ಕೆ ಅದು ಆಗಲೇ ಸಂದಿತ್ತು. ಹಿಲ್ಲೂರಿನಂಥ ಹಳ್ಳಿಯ ಕಿರುದಾರಿಯಲ್ಲಿ ಎದುರುಬದುರಾಗಿ ಸಿಲುಕಿದ ಎರಡು ಲಾರಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪತ್ರಿಕೆಗಳು ಬಳಸುವ ‘ಬಿಕ್ಕಟ್ಟು’ ಎಂಬ ಪದ ಇದಕ್ಕೆ ತುಸು ಸಡಿಲವೆಂದೇ ನನ್ನ ಎಣಿಕೆ. ಗಣಕದ ಪ್ರೋಗ್ರಾಮಿನೊಳಗೂ ಹೀಗೆಯೇ: ಒಂದು ಥ್ರೆಡ್ಡು (ಜೊತೆಜೊತೆಯಾಗಿ ಸಾಗುವ ಕೆಲಸದ ಎಳೆಗಳಲ್ಲೊಂದು), ಒಮ್ಮೆಗೆ ಒಂದೇ ಎಳೆ ಹಿಡಿಯಬಲ್ಲ ‘ಕ’ ಬೀಗವನ್ನು ಹಿಡಿದು ‘ಖ’ ಬೀಗಕ್ಕೂ, ಮತ್ತೊಂದು ‘ಖ’ವನ್ನು ಹಿಡಿದು ‘ಕ’ ಬೀಗಕ್ಕೂ ಕಾದರೆ ಎರಡೂ ಸ್ತಬ್ಧ. 2006ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿದ ‘ಲಾಕ್‌ಡೆಪ್’ ಎಂಬ ಪರೀಕ್ಷಕವಾದರೋ ಅಂಥ ಸ್ತಂಭನವನ್ನು ನಿರೀಕ್ಷಿಸುತ್ತ ಕೂರುವುದಿಲ್ಲ. ಯಾವ ಬೀಗವನ್ನು ಹಿಡಿದಿರುವಾಗ ಯಾವುದನ್ನು ಹಿಡಿಯಲಾಯಿತೆಂಬುದನ್ನು ಗುರುತಿಟ್ಟುಕೊಂಡು, ಆ ಕ್ರಮದಲ್ಲಿ ಚಕ್ರವೊಂದು ಏರ್ಪಟ್ಟೊಡನೆ, ಆಪತ್ತು ಇನ್ನೂ ಒದಗದಿದ್ದರೂ, ಎಚ್ಚರಿಸುತ್ತದೆ.