ಹೆಣದ ನೊಣ, ಗಾಯದ ನೊಣ: ತಪ್ಪು ಖಾತೆಗೆ ಬಿದ್ದ ಆರೋಪ

ಇವತ್ತಿನ ಕಥೆ ಊಟ ಮಾಡ್ತಾ ಕೇಳೋದಲ್ಲ, ಮೊದಲೇ ಹೇಳ್ಬಿಡ್ತೀನಿ.

ಹಳೇಬೀಡಿನ ನಮ್ಮಜ್ಜಿ ಮನೇಲಿ ಕಳೆದ ಮಳೆಗಾಲ ಕರುವಿನ ಕಾಲಿಗೆ ತಂತಿ ತರಚಿತ್ತು. ಮೂರನೇ ದಿನಕ್ಕೆ ಗಾಯಕ್ಕೆ ಹುಳ ಬಿತ್ತು. ಅಜ್ಜಿ ಬೈದಿದ್ದು ಕೆರೆ ಏರಿ ಹತ್ತಿರ ಸತ್ತು ಬಿದ್ದಿದ್ದ ನಾಯಿಗೆ. "ಅದನ್ನ ಹೂಳ್ರೋ ಅಂದ್ರೆ ಕೇಳ್ಲಿಲ್ಲ. ಆ ನೊಣಗಳೇ ಕಣೋ ಇಲ್ಲಿಗೆ ಬಂದಿರೋದು!" ನಾನೂ ಹೌದು ಅಂದ್ಕೊಂಡೆ. ಎರಡೂ ಕಡೆ ಅದೇ ಹಸಿರು-ನೀಲಿ ಮಿಂಚೋ ಮೈ.

ವಿಜ್ಞಾನಿಗಳಿಗೂ ಬಹಳ ಕಾಲ ಇದೇ ಗೊಂದಲ ಇತ್ತು.

1794ರಲ್ಲಿ ಡೆನ್ಮಾರ್ಕಿನ ಫ್ಯಾಬ್ರಿಷಿಯಸ್, ಹೆಣಕ್ಕೂ ಹೊಲಸಿಗೂ ಮುತ್ತುವ ಒಂದು ನೊಣಕ್ಕೆ 'ಮೆಗಾಸೆಫಾಲಾ', ಅಂದ್ರೆ ದೊಡ್ಡ ತಲೆಯದು, ಅಂತ ಹೆಸರಿಟ್ಟ. 1822ರಲ್ಲಿ ಎಶ್‌ಶೋಲ್ಟ್ಸ್ ಅದೇ ನೊಣಕ್ಕೆ 'ಡಕ್ಸ್' ಅಂದ. 1830ರಲ್ಲಿ ಫ್ರಾನ್ಸಿನ ರೋಬಿನೋ-ಡೆವ್ವಾದಿ 'ಕ್ರೈಸೋಮಿಯಾ' ಅನ್ನೋ ಕುಲ ಮಾಡಿದ. ನಾನು ಬಿಕಾಂ ಓದಿದವನು, ನನಗೆ ಅರ್ಥ ಆಗೋದು ಹೀಗೆ: ಒಬ್ಬನೇ ಗಿರಾಕಿಗೆ ಎರಡು ಖಾತೆ. ಅದಕ್ಕಿಂತ ಅಪಾಯ ಇನ್ನೊಂದಿದೆ: ಇಬ್ಬರು ಗಿರಾಕಿಗಳ ಲೆಕ್ಕ ಒಂದೇ ಖಾತೆಗೆ ಬೀಳೋದು.

ಆಗಿದ್ದೂ ಅದೇ. 1914ರಲ್ಲಿ ಫ್ರಾನ್ಸಿನ ವಿಲ್ನವ್ ಆಫ್ರಿಕಾದ ಕಾಂಗೋದ ಒಂದು ನೊಣವನ್ನ 'ಕ್ರೈಸೋಮಿಯಾ ಬೆಜ್ಜಿಯಾನಾ' ಅಂತ ಬೇರೆ ಮಾಡಿದ. 1920ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಡಬ್ಲ್ಯು. ಎಸ್. ಪ್ಯಾಟನ್, ಭಾರತದಲ್ಲಿ ಮನುಷ್ಯರ, ದನಗಳ ಗಾಯಕ್ಕೆ ಸಾಮಾನ್ಯವಾಗಿ ಹುಳ ಬೀಳಿಸೋದು ಇದೇ ಬೆಜ್ಜಿಯಾನಾ ಅಂತ ಬರೆದ. ಇದರ ಹುಳ ಹೆಣದಲ್ಲಿ ಬೆಳೆಯಲ್ಲ, ಜೀವ ಇರೋ ಮಾಂಸವೇ ಬೇಕು. ಉಣ್ಣೆ ಕಚ್ಚಿದ ಜಾಗವೂ ಸಾಕು, ಅಲ್ಲಿ ಮೊಟ್ಟೆ ಇಡುತ್ತೆ. ಗಾಯ ಕೊಳೆತ ಮೇಲೆ ಹೆಣದ ನೊಣಗಳೂ ಸೇರ್ಕೊಳ್ತವೆ, ಅದಕ್ಕೇ ಗೊಂದಲ.

ಗುರುತು ಹಿಡಿಯೋದು ಹೇಗೆ? ರೆಕ್ಕೆಯ ಬುಡದಲ್ಲಿ ಚಿಕ್ಕ ಪೊರೆಗಳಿವೆ. ಅದರಲ್ಲಿ ಕೆಳಗಿನದು ಬೆಜ್ಜಿಯಾನಾದಲ್ಲಿ ಬಿಳಿ, ಮೆಗಾಸೆಫಾಲಾದಲ್ಲಿ ಕಂದು. ಅಷ್ಟೇ ವ್ಯತ್ಯಾಸಕ್ಕೆ ಇಷ್ಟೆಲ್ಲಾ ಯಾಕೆ ಅಂತೀರಾ?

ಅಮೆರಿಕಕ್ಕೆ ಬನ್ನಿ. ಅಲ್ಲೂ ದನಗಳಿಗೆ ಇದೇ ಕಾಟ, ಆದ್ರೆ ನೊಣ ಬೇರೆ ಕುಲದ್ದು, 'ಕಾಕ್ಲಿಯೋಮಿಯಾ'. ಸತ್ತ ದನ ಸುಡಿ, ಹುಳ ನಿಲ್ಲುತ್ತೆ ಅಂತ ಅಲ್ಲಿ ಸಲಹೆ ಕೊಡ್ತಿದ್ರು. ಸುಟ್ಟರೂ ಹುಳ ನಿಲ್ಲಲಿಲ್ಲ. 1933ರಲ್ಲಿ ಕುಶಿಂಗ್ ಅನ್ನೋ ಅಮೆರಿಕನ್ ವಿಜ್ಞಾನಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಒಬ್ಬರ ಜೊತೆ ಸೇರಿ ತೋರಿಸಿದ: ಅಲ್ಲೂ ಹೆಣದ ನೊಣ ಬೇರೆ, ಗಾಯದ ನೊಣ ಬೇರೆ. ಜೊತೆಗಿದ್ದವರು ಯಾರು ಗೊತ್ತಾ? ನಮ್ಮ ಕಥೆಯ ಅದೇ ಪ್ಯಾಟನ್!

ಆಮೇಲೆ ದಾರಿಯೇ ಬದಲಾಯ್ತು. ಗಾಯದ ನೊಣದ ಹೆಣ್ಣು ಸಾಮಾನ್ಯವಾಗಿ ಒಂದೇ ಸಲ ಕೂಡುತ್ತೆ. ಹಾಗಾಗಿ ವಿಕಿರಣದಿಂದ ಬಂಜೆ ಮಾಡಿದ ಗಂಡು ನೊಣಗಳನ್ನ ಬಿಟ್ಟು, 1954ರಲ್ಲಿ ಕುರಸಾವೋ ದ್ವೀಪದಿಂದ ಅದನ್ನ ತೊಲಗಿಸಿದ್ರು. ಸರಿಯಾದ ಹೆಸರು ಇಲ್ಲದೇ ಇದ್ದಿದ್ರೆ ಯಾವ ನೊಣ ಸಾಕಿ ಬಿಡಬೇಕು ಅನ್ನೋದೇ ಗೊತ್ತಾಗ್ತಿರಲಿಲ್ಲ.

ಇಷ್ಟನ್ನೂ ಅಜ್ಜಿಗೆ ಹೇಳ್ದೆ. "ಹಂಗಾದ್ರೆ ನಾಯಿ ಹೂಳೋದು ಬೇಡ್ವೇನೋ?" ಅಂದ್ರು.

"ಹೂಳ್ಬೇಕಜ್ಜಿ, ಊರು ನಾರಬಾರದಲ್ವಾ? ಆದ್ರೆ ಕರುಗೆ ಗಾಯ ಆದ ದಿನಾನೇ ತೊಳೆದು ಔಷಧಿ ಹಚ್ಚಬೇಕು, ದಿನಾ ನೋಡ್ತಿರಬೇಕು."

ಪಶು ವೈದ್ಯರು ಬಂದು ಹುಳ ತೆಗೆದ್ರು. ಕರು ಈಗ ಓಡಾಡ್ತಿದೆ. ನಿಮ್ಮನೆ ದನಕ್ಕೋ ನಾಯಿಗೋ ಗಾಯ ಆಗಿದ್ರೆ ಈ ಎಪಿಸೋಡ್ ನಿಲ್ಲಿಸಿ, ಮೊದಲು ಹೋಗಿ ನೋಡಿ. ಮತ್ತೆ ಸಿಗೋಣ.