ಬೋರಿಬಂದರದ ಪಕ್ಕದ ಚಿತ್ರಶಾಲೆ



ಸೋಲಾಪುರ, ಅಕ್ಕಲಕೋಟೆ ಕಡೆಯಿಂದ ಮುಂಬಯಿಗೆ ಹೋಗುವ ನಮ್ಮ ಜನ ಬಹಳ ಮಂದಿ ಬೋರಿಬಂದರದಲ್ಲಿ ಇಳಿಯುತ್ತಾರೆ. ಈಗ ಅದರ ಹೆಸರು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. ಅಲ್ಲಿಂದ ಕ್ರಾಫರ್ಡ್ ಮಾರ್ಕೆಟ್ಟಿನ ಕಡೆಗೆ ನಡೆಯುವಾಗ, ಗಿಡಗಳ ನೆರಳಿನಲ್ಲಿ ಒಂದು ಹಳೆಯ ಕಲ್ಲಿನ ಕಟ್ಟಡ ಸಿಗುತ್ತದೆ. ಅದೇ ಸರ್ ಜೆ. ಜೆ. ಚಿತ್ರಕಲಾ ಶಾಲೆ. ಬಜಾರಿನ ಗಡಿಬಿಡಿಯಲ್ಲಿ ಅದರತ್ತ ಕತ್ತೆತ್ತಿ ನೋಡುವವರು ಕಡಿಮೆ. ಆದರೆ ನಾವು ಇಳಿದ ನಿಲ್ದಾಣದಲ್ಲಿಯೂ ಆ ಶಾಲೆಯ ಕೈಕೆಲಸವುಂಟು; ನಮ್ಮ ಮನೆಯ ಗೋಡೆಗೂ ಅದು ಬಂದು ತಲುಪಿದೆ.

ಜೆ. ಜೆ. ಎಂದರೆ ಜಮಶೇಟಜಿ ಜೀಜೀಭಾಯಿ. ಚೀನಾ ದೇಶದೊಡನೆ ಹತ್ತಿ, ಅಫೀಮಿನ ವ್ಯಾಪಾರ ಮಾಡಿ ಶ್ರೀಮಂತರಾದ ಪಾರ್ಸಿ ವರ್ತಕರು. 1853ರಲ್ಲಿ ಅವರು ಚಿತ್ರಕಲೆ ಮತ್ತು ಕೈಕಸಬು ಕಲಿಸುವ ಶಾಲೆಗಾಗಿ ಒಂದು ಲಕ್ಷ ರೂಪಾಯಿ ಕೊಡಲು ಮುಂದಾದರು. ವಿಲಾಯತಿ ಯಂತ್ರದ ಮಾಲು ಬಂದು ನಮ್ಮ ನೇಕಾರರ, ಕಂಚುಗಾರರ, ಬಡಿಗರ ಕೈ ಕಟ್ಟುತ್ತಿದ್ದ ಕಾಲವದು. 1857ರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ತರಗತಿ ಆರಂಭವಾದವು. ಈಗಿನ ಕಟ್ಟಡ ಪೂರ್ತಿಯಾದದ್ದು 1878ರಲ್ಲಿ. ನಕ್ಷೆ ಜಾರ್ಜ್ ಟ್ವಿಗ್ ಮೊಲೆಸಿಯವರದು. ಮೊನಚು ಕಮಾನು, ಎತ್ತರದ ಮಾಡು, ದೊಡ್ಡ ಕಿಟಕಿ. ಚಿತ್ರ ಬರೆಯುವವನಿಗೆ ಬಣ್ಣದಷ್ಟೇ ಬೆಳಕೂ ಬೇಕು ಎಂಬುದು ಅಲ್ಲಿ ನಿಂತರೆ ತಿಳಿಯುತ್ತದೆ.

1865ರಲ್ಲಿ ಇಂಗ್ಲೆಂಡಿನಿಂದ ಬಂದ ಶಿಕ್ಷಕರಲ್ಲಿ ಇಬ್ಬರು ಮುಖ್ಯರು: ಜಾನ್ ಲಾಕ್‌ವುಡ್ ಕಿಪ್ಲಿಂಗ್ ಮತ್ತು ಜಾನ್ ಗ್ರಿಫಿತ್ಸ್. ಕಿಪ್ಲಿಂಗರ ಮಗ, ಮುಂದೆ ಹೆಸರಾಂತ ಲೇಖಕನಾದ ರುಡ್ಯಾರ್ಡ್, ಅದೇ ವರ್ಷ ಡಿಸೆಂಬರ್ 30ರಂದು ಈ ಆವರಣದಲ್ಲಿಯೇ ಹುಟ್ಟಿದ. ಹುಟ್ಟಿದ ಮನೆ ಈಗಿಲ್ಲ. ಆ ಜಾಗದಲ್ಲಿರುವ ಬಂಗಲೆ ಅನಂತರದ್ದು. ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲೆ ಕೆತ್ತಿರುವ ದುಡಿಯುವ ಜನರ ಶಿಲ್ಪ ತಂದೆ ಕಿಪ್ಲಿಂಗರ ಕಲ್ಪನೆ. 1888ರಲ್ಲಿ ಮುಗಿದ ಬೋರಿಬಂದರದ ನಿಲ್ದಾಣದಲ್ಲಿ ಕಲ್ಲಿನ ಎಲೆ, ಬಳ್ಳಿ, ಹಕ್ಕಿ, ಪ್ರಾಣಿಗಳನ್ನು ಮೂಡಿಸಿದವರಲ್ಲಿ ಈ ಶಾಲೆಯ ವಿದ್ಯಾರ್ಥಿಗಳೂ ಇದ್ದರು.

ಇಲ್ಲಿ ಒಂದು ಮಾತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು. ಅಲ್ಲಿ ಐದು ರೂಪಾಯಿಯ ಚೀಟಿಗೂ ಬರೆದವನ ಸಹಿ, ತಪಾಸಿದವನ ಸಹಿ ಬೇಕು. ಆದರೆ ಇಷ್ಟು ದೊಡ್ಡ ನಿಲ್ದಾಣದ ಕಂಬಗಳಲ್ಲಿ ಉಳಿ ಹಿಡಿದ ಹುಡುಗರ ಸಹಿ ಕಾಣುವುದಿಲ್ಲ. ದಾನಿಯ ಹೆಸರು ಶಾಲೆಗೆ ಬಂತು, ಇಂಜಿನಿಯರರ ಹೆಸರು ಚರಿತ್ರೆಗೆ ಬಂತು, ಕೆತ್ತಿದವನು ಮರೆಯಾದ.

ಅಜಂತೆಯ ಕಥೆಯೂ ಹಾಗೆಯೇ. 1872ರಿಂದ ಸುಮಾರು ಹದಿಮೂರು ವರ್ಷ ಗ್ರಿಫಿತ್ಸ್ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಗವಿಗಳ ಚಿತ್ರಗಳ ಪ್ರತಿ ತೆಗೆಸಿದರು. ಕತ್ತಲೆಯ ಗವಿಯಲ್ಲಿ ಕುಳಿತು ಮಾಡಿದ ಆ ಚಿತ್ರಗಳು ಲಂಡನ್ನಿಗೆ ಹೋದವು. 1885ರಲ್ಲಿ ಅಲ್ಲಿ ಬೆಂಕಿ ಬಿದ್ದು ಬಹಳಷ್ಟು ಸುಟ್ಟುಹೋದವು. ಉಳಿದವುಗಳಿಂದ 1896–97ರಲ್ಲಿ ದೊಡ್ಡ ಗ್ರಂಥ ಹೊರಬಂತು. ಅದರ ಮೇಲಿನ ಹೆಸರು ಗ್ರಿಫಿತ್ಸರದು. ಜೊತೆಗೆ ದುಡಿದವರಲ್ಲಿ ಪೇಸ್ತನಜಿ ಬೊಮನಜಿಯಂಥ ಕೆಲವರನ್ನಷ್ಟೇ ಇಂದು ನೆನೆಯುತ್ತಾರೆ.

ಆದರೂ ಆ ದುಡಿಮೆ ದಂಡವಾಗಲಿಲ್ಲ. ಗ್ರೀಕರ ಮೂರ್ತಿಗಳ ಅಚ್ಚನ್ನು ನೋಡಿ ಬರೆಯುವುದೇ ಪಾಠವಾಗಿದ್ದ ಶಾಲೆಯ ಮಕ್ಕಳು ಅಜಂತೆಯ ಗೋಡೆಯಲ್ಲಿ ತಮ್ಮದೇ ನಾಡಿನ ರೇಖೆಯನ್ನು ಕಂಡರು. 1896ರಲ್ಲಿ ಗಣಪತರಾವ್ ಮ್ಹಾತ್ರೆಯವರು, ಇನ್ನೂ ಎಳೆಯ ವಯಸ್ಸಿನಲ್ಲಿ, ಗುಡಿಗೆ ಹೊರಟ ಹೆಣ್ಣುಮಗಳ ಮೂರ್ತಿ ಮಾಡಿದರು. ಕಲಿಕೆ ವಿಲಾಯತಿಯದು, ಉಟ್ಟ ಸೀರೆಯ ನಿರಿಗೆ ನಮ್ಮದು. ಭಾರತದ ಸಿನೆಮಾಕ್ಕೆ ತಳಪಾಯ ಹಾಕಿದ ದಾದಾಸಾಹೇಬ ಫಾಲ್ಕೆಯವರು ಕೂಡ ಇಲ್ಲಿ ಕಲಿತವರೇ.

ಕನ್ನಡಿಗರಿಗೂ ಈ ಶಾಲೆ ಪರಕೀಯವಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು 1938ರಲ್ಲಿ ಇಲ್ಲಿಯ ಡಿಪ್ಲೊಮಾ ಪಡೆದು, 1940ರಿಂದ 1945ರವರೆಗೆ ಇಲ್ಲಿಯೇ ಕಲಿಸಿದರು. ನಮ್ಮ ನೆರೆಯ ಕಲಬುರ್ಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮದ್ರಾಸಿನ ತರುವಾಯ ಜೆ. ಜೆ.ಯಲ್ಲಿ ಕಲಿತರು. ಸಿನೆಮಾ ಪೋಸ್ಟರುಗಳಿಗೆ, ಕ್ಯಾಲೆಂಡರುಗಳಿಗೆ ಅವರು ಬರೆದ ಚಿತ್ರಗಳು ನಾಡಿನ ಮೂಲೆಮೂಲೆಗೆ ಹೋದವು. ಎಷ್ಟೋ ಮನೆಗಳಲ್ಲಿ ಪುರಾಣದ ಚಿತ್ರದ ಕ್ಯಾಲೆಂಡರನ್ನು ವರ್ಷ ಮುಗಿದ ಮೇಲೂ ತೆಗೆಯದೆ, ಕಟ್ಟು ಹಾಕಿಸಿ ಪೂಜಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಕೈಮುಗಿದವರು ದೇವರನ್ನು ಕಂಡರು. ಮೂಲೆಯಲ್ಲಿದ್ದ ಚಿತ್ರಕಾರನ ಸಹಿಯನ್ನು ಓದಿದವರೆಷ್ಟು ಮಂದಿ?

2023ರಲ್ಲಿ ಈ ಶಾಲೆಗೆ ವಿಶ್ವವಿದ್ಯಾಲಯದ ಸಮಾನ ಸ್ಥಾನ ದೊರೆಯಿತು. ಅದು ಪಾಠ ನಡೆಯುವ ಸ್ಥಳ. ಬಾಗಿಲಲ್ಲಿ ಅನುಮತಿ ಕೇಳಿ ಒಳಗೆ ಹೋಗಬೇಕು. ಆಗದಿದ್ದರೆ ನಿಲ್ದಾಣದ ಗೋಡೆಯನ್ನಾದರೂ ಕ್ಷಣಹೊತ್ತು ನಿಂತು ನೋಡಿರಿ. ಅದಕ್ಕೆ ಟಿಕೀಟು ಬೇಡ.

ಊರಲ್ಲಿ ಇದ್ದೂ ಮಾಡಬಹುದಾದ ಕೆಲಸವೊಂದಿದೆ. ನಮ್ಮೂರ ತೇರು ಕೆತ್ತಿದ ಬಡಿಗರು ಯಾರು, ಗುಡಿಯ ಗೋಡೆಗೆ ಬಣ್ಣದ ಚಿತ್ರ ಬರೆದವರು ಯಾರು? ಹಿರಿಯರು ಇರುವಾಗಲೇ ಕೇಳಿ, ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಒಂದು ವಹಿಯಲ್ಲಿ ಬರೆದಿಡಿರಿ. ಮುಂಬಯಿಯ ಕಲ್ಲಿನಲ್ಲಿ ಅಳಿದ ಹೆಸರುಗಳನ್ನು ನಾವು ತರಲಾರೆವು, ನಮ್ಮೂರಿನವನ್ನು ಉಳಿಸಬಲ್ಲೆವು.