ಗುಂಡರ್ಟ್: ಒಂದು ವಿರಳ ಮನೆತನದ ಹೆಸರಿನ ಕಥೆ

ನಮ್ಮ ಪಡುಗಡಲ ತೀರದ ಎರಡು ಭಾಷೆಗಳಿಗೆ ಎರಡು ದೊಡ್ಡ ನಿಘಂಟುಗಳನ್ನು ಮಾಡಿಕೊಟ್ಟವರು ಇಬ್ಬರು ಜರ್ಮನರು. ಮಲಯಾಳಕ್ಕೆ ಹೆರ್ಮನ್ ಗುಂಡರ್ಟ್, 1872ರಲ್ಲಿ. ಕನ್ನಡಕ್ಕೆ ಫರ್ಡಿನೆಂಡ್ ಕಿಟ್ಟೆಲ್, 1894ರಲ್ಲಿ. ಎರಡೂ ಅಚ್ಚಾದದ್ದು ಮಂಗಳೂರಿನಲ್ಲಿಯೇ, ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ. ಕಾಸರಗೋಡಿನ ನಮಗೆ ಎರಡೂ ಭಾಷೆ ಬೇಕು, ಹಾಗಾಗಿ ಎರಡೂ ಹೆಸರು ಗೊತ್ತು. ಗುಂಡರ್ಟರಂತೂ 1857ರಲ್ಲಿ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರಾಗಿ ನೇಮಕಗೊಂಡವರು. ಆಗ ಕಾಸರಗೋಡು ಸೀಮೆ ಕೆನರಾದೊಳಗೇ ಇತ್ತು. ಅಂದರೆ ನಮ್ಮ ಮೇಷ್ಟ್ರುಗಳಿಗೆ ಅವರು ಹಳೆಯ ಕಾಲದ ಮೇಲಧಿಕಾರಿಯೂ ಹೌದು.

ಅವರ ಪುಸ್ತಕಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಇಲ್ಲಿ ಹೇಳಹೊರಟದ್ದು ಅವರ ಹೆಸರಿನ ಬಗ್ಗೆ. ಗುಂಡರ್ಟ್ ಅನ್ನುವ ಹೆಸರು ತಲಶ್ಶೇರಿಯಿಂದ ಮಂಗಳೂರಿನವರೆಗೆ ಓದುಬರಹ ಬಲ್ಲ ಎಲ್ಲರಿಗೂ ಗೊತ್ತು. ಜರ್ಮನಿಯಲ್ಲಿ ಮಾತ್ರ ಅದು ಅಪರೂಪದ ಹೆಸರು. ಯಾಕೆ ಹೀಗೆ ಎಂದು ಹುಡುಕುತ್ತಾ ಹೋದರೆ, ಹೆಸರುಗಳು ಹೇಗೆ ಹುಟ್ಟುತ್ತವೆ, ಹೇಗೆ ಸವೆಯುತ್ತವೆ, ಹೇಗೆ ಅಳಿಯುತ್ತವೆ ಎನ್ನುವುದೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಅರ್ಥ ನೋಡೋಣ. ಗುಂಡರ್ಟ್ ಎಂದರೆ ನಮಗೆ ಗುಂಡು, ಗುಂಡಗೆ ಎಂದೆಲ್ಲ ನೆನಪಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ಮೂಲ ರೂಪ ‘ಗುಂಡ್‌ಹಾರ್ಡ್’, ಹಳೆಯ ಕಾಲದ ಜರ್ಮನರು ಗಂಡುಮಕ್ಕಳಿಗೆ ಇಡುತ್ತಿದ್ದ ಹೆಸರು. ‘ಗುಂಡ್’ ಎಂದರೆ ಯುದ್ಧ, ‘ಹಾರ್ಡ್’ ಎಂದರೆ ಗಟ್ಟಿ, ಧೀರ. ಎರಡನ್ನೂ ಸೇರಿಸಿದರೆ ನಮ್ಮ ‘ರಣಧೀರ’ ಸಿಕ್ಕಿದ ಹಾಗಾಯಿತು. ಆ ಜನಕ್ಕೆ ಹೀಗೆ ಎರಡು ಪದ ಜೋಡಿಸಿ ಹೆಸರಿಡುವುದು ವಾಡಿಕೆ. ಹೆಣ್ಣುಮಕ್ಕಳ ಹೆಸರಿನಲ್ಲಿಯೂ ಯುದ್ಧ ಬರುತ್ತಿತ್ತು: ಹಿಲ್ಡೆಗುಂಡ್, ಕುನಿಗುಂಡೆ ಮುಂತಾದವುಗಳ ಕೊನೆಯಲ್ಲಿರುವುದು ಇದೇ ‘ಗುಂಡ್’.

ಗುಂಡ್‌ಹಾರ್ಡ್ ಗುಂಡರ್ಟ್ ಆದದ್ದು ನಾಲಗೆಯ ಕೆಲಸ. ಜರ್ಮನ್ ಮಾತಿನಲ್ಲಿ ಒತ್ತು ಬೀಳುವುದು ಸಾಮಾನ್ಯವಾಗಿ ಪದದ ಮೊದಲಿಗೆ. ಹಾಗಾಗಿ ಹಿಂದಿನ ಭಾಗ ಸವೆಯುತ್ತಾ ಬರುತ್ತದೆ. ಎಬರ್‌ಹಾರ್ಡ್ ಎಬರ್ಟ್ ಆಯಿತು, ರೈನ್‌ಹಾರ್ಡ್ ರೈನರ್ಟ್ ಆಯಿತು, ಗುಂಡ್‌ಹಾರ್ಡ್ ಗುಂಡರ್ಟ್ ಆಯಿತು. ನಮ್ಮಲ್ಲಿ ನಾರಾಯಣ ನಾರ್ಣ ಆಗುವುದಿಲ್ಲವೇ, ಸುಬ್ರಹ್ಮಣ್ಯ ಸುಬ್ಬಣ್ಣ ಆಗುವುದಿಲ್ಲವೇ, ಹಾಗೆಯೇ.

ಒಬ್ಬ ಮನುಷ್ಯನ ಹೆಸರು ಇಡೀ ಮನೆತನದ ಹೆಸರಾದದ್ದು ಹೇಗೆ? ಹಿಂದೆ ಜರ್ಮನಿಯಲ್ಲೂ ಒಬ್ಬೊಬ್ಬರಿಗೆ ಒಂದೇ ಹೆಸರು ಇದ್ದದ್ದು. ಪೇಟೆಗಳು ಬೆಳೆದ ಹಾಗೆ ಒಂದೇ ಹೆಸರಿನ ಹತ್ತಾರು ಮಂದಿ ಒಂದೇ ಕಡೆ ಸೇರಿದರು. ತೆರಿಗೆಯ ಪಟ್ಟಿ, ಜಾಗದ ಪತ್ರ ಬರೆಯುವವರಿಗೆ ಗುರುತಿಗೆ ಇನ್ನೊಂದು ಹೆಸರು ಬೇಕಾಯಿತು. ಸುಮಾರು 12ನೇ ಶತಮಾನದಲ್ಲಿ ದಕ್ಷಿಣ ಮತ್ತು ಪಶ್ಚಿಮದ ಪೇಟೆಗಳಲ್ಲಿ ಶುರುವಾದ ಈ ಪದ್ಧತಿ ಮೆಲ್ಲಮೆಲ್ಲನೆ ಹಳ್ಳಿಗಳಿಗೆ ಹಬ್ಬಿತು. ಕಿಟ್ಟೆಲ್ ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ಅಪ್ಪನ ಹೆಸರನ್ನೇ ಮಗನ ಹೆಸರಿನ ಜೊತೆ ಸೇರಿಸಿಕೊಳ್ಳುವ ರೂಢಿ ಬಹಳ ಕಾಲ ನಡೆಯಿತು. ಖಾಯಂ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆಂಬ ಆಜ್ಞೆ ಅಲ್ಲಿಗೆ ಬಂದದ್ದು 1811ರಲ್ಲಿ, ನೆಪೋಲಿಯನ್ನನ ಆಳ್ವಿಕೆಯ ಕಾಲಕ್ಕೆ.

ಗುರುತಿನ ಹೆಸರುಗಳು ನಾಲ್ಕೈದು ದಾರಿಯಿಂದ ಬಂದವು. ಹಿರಿಯನೊಬ್ಬನ ಹೆಸರು, ಕಸುಬು, ಊರು ಅಥವಾ ಜಾಗ, ಮತ್ತೆ ಜನ ಇಟ್ಟ ಅಡ್ಡಹೆಸರು. ಗುಂಡರ್ಟ್ ಮೊದಲನೆಯ ಬಗೆ. ಕಿಟ್ಟೆಲ್ ಎಂದರೆ ಕೆಲಸದ ಹೊತ್ತಿನಲ್ಲಿ ಮೇಲಿಂದ ತೊಡುವ ಸಡಿಲ ಅಂಗಿ. ಅದನ್ನು ಹೊಲಿಯುವವನಿಗೋ ಸದಾ ತೊಟ್ಟುಕೊಂಡಿರುವವನಿಗೋ ಆ ಹೆಸರು ಬಿದ್ದದ್ದು. ನಮ್ಮ ಕಡೆಯ ಹೆಸರುಗಳಿಗೆ ಇದೆಲ್ಲ ಹೊಸತಲ್ಲ. ಮಂಜೇಶ್ವರ ಗೋವಿಂದ ಪೈಗಳ ಮಂಜೇಶ್ವರ ಊರು, ಅನಿಲ್ ಕುಂಬ್ಳೆಯವರ ಕುಂಬ್ಳೆಯೂ ಊರೇ.

ಇನ್ನು ಎಷ್ಟು ಮಂದಿಗೆ ಈ ಹೆಸರಿದೆ ಎಂಬ ಪ್ರಶ್ನೆ. ಜರ್ಮನಿಯಲ್ಲಿ ಇದನ್ನು ಲೆಕ್ಕ ಹಾಕಲು ವಿದ್ವಾಂಸರು ಹಿಡಿದ ಉಪಾಯ ಟೆಲಿಫೋನ್ ಪಟ್ಟಿ. ಮನೆಮನೆಗೂ ತಂತಿಯ ಫೋನ್ ಇದ್ದ ಕಾಲದಲ್ಲಿ ಆ ಪಟ್ಟಿ ಹೆಚ್ಚುಕಡಿಮೆ ಊರಿನ ಜನಗಣತಿಯ ಹಾಗಿತ್ತು. ಒಂದು ಸಂಪರ್ಕಕ್ಕೆ ಎರಡೂವರೆ ಮೂರು ಮಂದಿ ಎಂದು ಇಟ್ಟುಕೊಂಡರೆ ಅಂದಾಜು ಸಿಗುತ್ತದೆ. ಮೊಬೈಲು ಬಂದ ಮೇಲೆ ಆ ಪಟ್ಟಿ ಸೊರಗಿತು. ಅದಕ್ಕೇ ಫ್ರೈಬುರ್ಗ್ ಮತ್ತು ಮೈನ್ಸ್ ವಿಶ್ವವಿದ್ಯಾಲಯಗಳ ವಿದ್ವಾಂಸರು 2005ರ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು, ಯಾವ ಹೆಸರು ಯಾವ ಸೀಮೆಯಲ್ಲಿ ಎಷ್ಟಿದೆ ಎಂದು ನಕ್ಷೆ ಬರೆದರು. ಜರ್ಮನ್ ಮನೆತನದ ಹೆಸರುಗಳ ಆ ಭೂಪಟ 2009ರಿಂದ 2018ರವರೆಗೆ ಏಳು ಸಂಪುಟಗಳಲ್ಲಿ ಹೊರಬಂತು.

ಇಂಥ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿರುವುದು ಮ್ಯುಲರ್, ಅಂದರೆ ಹಿಟ್ಟಿನ ಗಿರಣಿಯವನು. ಆ ಒಂದು ಹೆಸರಿನಲ್ಲೇ ಸುಮಾರು ಎರಡೂವರೆ ಲಕ್ಷ ಫೋನ್ ಸಂಪರ್ಕ! ಎರಡನೆಯದು ಶ್ಮಿಟ್, ಕಮ್ಮಾರ. ಮೂರನೆಯದು ಶ್ನೈಡರ್, ದರ್ಜಿ. ಕಾರಣ ಸುಲಭ. ಪ್ರತಿ ಹಳ್ಳಿಗೂ ಒಂದು ಗಿರಣಿ, ಒಂದು ಕುಲುಮೆ ಬೇಕಷ್ಟೆ. ಹಾಗಾಗಿ ಆ ಹೆಸರು ಸಾವಿರ ಕಡೆ ಬೇರೆಬೇರೆಯಾಗಿ ಹುಟ್ಟಿತು.

ಗುಂಡರ್ಟ್ ಈ ಪಟ್ಟಿಯ ದೂರದ ಬಾಲದಲ್ಲಿರುವ ಹೆಸರು. ಮನೆತನದ ಹೆಸರುಗಳು ಗಟ್ಟಿಯಾಗುವ ಹೊತ್ತಿಗೆ ಗುಂಡ್‌ಹಾರ್ಡ್ ಎಂದು ಮಗುವಿಗೆ ಹೆಸರಿಡುವ ರೂಢಿಯೇ ಕಡಿಮೆಯಾಗಿತ್ತು. ಯೋಹಾನ್ನೆಸ್, ನಿಕೊಲಾಸ್ ಮುಂತಾದ ಸಂತರ ಹೆಸರುಗಳೂ, ಹೈನ್‌ರಿಖ್, ಫ್ರೀಡ್‌ರಿಖ್ ಎಂಬ ಅರಸರ ಹೆಸರುಗಳೂ ಅದರ ಜಾಗ ಹಿಡಿದಿದ್ದವು. ಅದೇ ‘ಗುಂಡ್’ನಿಂದ ಬಂದ ಇನ್ನೊಂದು ಹೆಸರು ಗ್ಯುಂಟರ್, ಅಂದರೆ ಯುದ್ಧದ ಸೈನ್ಯ. ಜರ್ಮನರ ಹಳೆಯ ವೀರಕಥೆಯಲ್ಲಿ ಆ ಹೆಸರಿನ ರಾಜನಿದ್ದಾನೆ. ಹಾಗಾಗಿ ಅದು ಜನರ ಬಾಯಲ್ಲಿ ಉಳಿಯಿತು, ಇವತ್ತಿಗೂ ಧಾರಾಳವಾಗಿ ಸಿಗುತ್ತದೆ. ಒಂದೇ ಬೇರಿನ ಎರಡು ಚಿಗುರು. ಒಂದಕ್ಕೆ ಕಥೆಯ ನೀರು ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಇನ್ನೊಂದು ಕಾರಣ ಶುದ್ಧ ಗಣಿತ. ಹೆಸರು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ ಎನ್ನಿ. ಮನೆಗೆ ಎರಡು ಮಕ್ಕಳು. ಗಂಡು-ಗಂಡು, ಗಂಡು-ಹೆಣ್ಣು, ಹೆಣ್ಣು-ಗಂಡು, ಹೆಣ್ಣು-ಹೆಣ್ಣು ಹೀಗೆ ನಾಲ್ಕು ಬಗೆ. ಕೊನೆಯ ಬಗೆಯಲ್ಲಿ ಹೆಸರು ನಿಂತುಹೋಯಿತು. ಅಂದರೆ ನೂರು ಮನೆಯಲ್ಲಿ ಸುಮಾರು ಇಪ್ಪತ್ತೈದರಲ್ಲಿ ಒಂದೇ ತಲೆಮಾರಿಗೆ ಹೆಸರಿನ ದಾರ ಕಡಿಯುತ್ತದೆ. ಮಕ್ಕಳು ಮೊಮ್ಮಕ್ಕಳು ಸುಖವಾಗಿಯೇ ಇರಬಹುದು, ಹೆಸರು ಮಾತ್ರ ಇಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಈ ಪ್ರಶ್ನೆಯನ್ನು ಗಣಿತಜ್ಞರ ಮುಂದಿಟ್ಟ, ವಾಟ್ಸನ್ ಎಂಬುವನು ಲೆಕ್ಕ ಮಾಡಿಕೊಟ್ಟ. ಅದಕ್ಕೆ ಇಂದಿಗೂ ಅವರಿಬ್ಬರ ಹೆಸರೇ ಇದೆ. ಮ್ಯುಲರ್‌ನಂಥ ಹೆಸರಿಗೆ ಸಾವಿರ ಕವಲು ಕಡಿದರೂ ಏನೂ ಆಗುವುದಿಲ್ಲ. ಕೆಲವೇ ಮನೆಗಳಲ್ಲಿರುವ ಹೆಸರಿಗೆ ಒಂದೊಂದು ಕವಲೂ ಮುಖ್ಯ.

ಗುಂಡರ್ಟರ ಮನೆಯಲ್ಲೇ ಇದನ್ನು ಕಾಣಬಹುದು. ಅವರು 1814ರಲ್ಲಿ ಶ್ಟುಟ್‌ಗಾರ್ಟಿನಲ್ಲಿ ಹುಟ್ಟಿದವರು. 1838ರಲ್ಲಿ ಫ್ರೆಂಚ್ ಮಾತಾಡುವ ಸ್ವಿಸ್ ಸೀಮೆಯ ಜೂಲಿ ಡ್ಯುಬ್ವಾ ಅವರನ್ನು ಮದುವೆಯಾದರು. ಡ್ಯುಬ್ವಾ ಎಂದರೆ ‘ಕಾಡಿನ ಕಡೆಯವರು’. ಇವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಮೊದಲ ಮದುವೆಯಲ್ಲಿ ಆಕೆ ಇಸೆನ್‌ಬೆರ್ಗ್ ಆದಳು. ಅದು ಊರಿನಿಂದ ಬಂದ ಹೆಸರು, ‘ಕಬ್ಬಿಣದ ಗುಡ್ಡ’ ಎಂದು ಅರ್ಥ. ಗಂಡ ತೀರಿಕೊಂಡ ಮೇಲೆ 1874ರಲ್ಲಿ ಯೋಹಾನ್ನೆಸ್ ಹೆಸ್ಸೆಯನ್ನು ಮದುವೆಯಾಗಿ ಹೆಸ್ಸೆ ಆದಳು. ಹೆಸ್ಸೆ ಎಂದರೆ ಹೆಸ್ಸೆನ್ ಸೀಮೆಯವನು. ಆದರೆ ಈ ಯೋಹಾನ್ನೆಸ್ ಹುಟ್ಟಿದ್ದು ಹೆಸ್ಸೆನ್ನಿನಲ್ಲಲ್ಲ, ದೂರದ ಎಸ್ಟೋನಿಯಾದಲ್ಲಿ! ಯಾವುದೋ ಕಾಲದ ಹಿರಿಯನ ಊರು ಹೆಸರಿಗೆ ಅಂಟಿಕೊಂಡು ಅಲ್ಲಿಯವರೆಗೂ ಹೋಗಿತ್ತು.

ಮರೀಯ ಮಗನೇ 1877ರಲ್ಲಿ ಹುಟ್ಟಿದ ಹೆರ್ಮನ್ ಹೆಸ್ಸೆ. ‘ಸಿದ್ಧಾರ್ಥ’ ಕಾದಂಬರಿ ಬರೆದವರು, 1946ರ ನೊಬೆಲ್ ಪಡೆದವರು. ಅಜ್ಜನ ಹೆಸರಿನಲ್ಲಿ ‘ಹೆರ್ಮನ್’ ಮೊಮ್ಮಗನಿಗೆ ಬಂತು, ‘ಗುಂಡರ್ಟ್’ ಬರಲಿಲ್ಲ. ಮನೆತನದ ಹೆಸರು ಗಂಡುಮಕ್ಕಳ ಕವಲಿನಲ್ಲಿ ಮುಂದುವರಿಯಿತು. ಜಪಾನಿನ ಭಾಷೆ ಸಾಹಿತ್ಯಗಳ ವಿದ್ವಾಂಸರಾದ ವಿಲ್‌ಹೆಲ್ಮ್ ಗುಂಡರ್ಟ್ (1880–1971) ಆ ಕವಲಿನ ಮೊಮ್ಮಗ. ಈಗ ಜರ್ಮನಿಯ ಫೋನ್ ಪಟ್ಟಿ ಹಿಡಿದು ಗುಂಡರ್ಟರನ್ನು ಎಣಿಸಿದರೆ ವಿಲ್‌ಹೆಲ್ಮರ ಕವಲು ಲೆಕ್ಕಕ್ಕೆ ಸಿಗುತ್ತದೆ, ಹೆಸ್ಸೆಯವರ ಕವಲು ಸಿಗುವುದಿಲ್ಲ. ಇಬ್ಬರೂ ಒಬ್ಬನೇ ಅಜ್ಜನ ಮೊಮ್ಮಕ್ಕಳು.

ತುಳುನಾಡಿನ ನಮಗೆ ಇದು ಬೇಗ ಅರ್ಥವಾಗಬೇಕಾದ ಸಂಗತಿ. ಯಾಕೆಂದರೆ ನಮ್ಮಲ್ಲಿ ಅಳಿಯಸಂತಾನದ ಮನೆಗಳಲ್ಲಿ ಬಳಿ ಬರುವುದು ತಾಯಿಯಿಂದ. ಆ ಲೆಕ್ಕ ಹಿಡಿದರೆ ಹೆರ್ಮನ್ ಹೆಸ್ಸೆ ಹೆಸ್ಸೆಯೂ ಅಲ್ಲ, ಗುಂಡರ್ಟೂ ಅಲ್ಲ, ಅಜ್ಜಿಯ ಕಡೆಯ ಡ್ಯುಬ್ವಾ ಬಳಿಯವರು. ವಿಲ್‌ಹೆಲ್ಮರಿಗೆ ಅವರ ತಾಯಿಯ ಬಳಿ. ‘ಗುಂಡರ್ಟ್ ಬಳಿ’ ಎಂಬುದೊಂದು ಇದ್ದಿದ್ದರೆ ಅದು ನಿಘಂಟು ಬರೆದ ಗುಂಡರ್ಟರ ಒಬ್ಬ ಮಗುವಿಗೂ ಸಿಗುತ್ತಿರಲಿಲ್ಲ! ನೋಡಿ, ರಕ್ತ ಅದೇ, ಮಕ್ಕಳು ಅವರೇ, ಲೆಕ್ಕದ ಕಟ್ಟಳೆ ಬದಲಾದ ಕೂಡಲೇ ಹೆಸರಿನ ಸಂಖ್ಯೆ ಬದಲಾಗುತ್ತದೆ. ಪ್ರತಿಯೊಂದು ಕಟ್ಟಳೆಯೂ ಒಂದು ದಾರವನ್ನು ಉಳಿಸಿಕೊಂಡು ಉಳಿದ ದಾರಗಳನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಒಂದು ಹೆಸರು ವಿರಳ ಎಂದರೆ ಆ ವಂಶ ಸಣ್ಣದೆಂದು ಹೇಳಲಾಗದು. ಹೆಸರಿನ ಲೆಕ್ಕ ಬೇರೆ, ಸಂತಾನದ ಲೆಕ್ಕ ಬೇರೆ.

ಕಟ್ಟಳೆಗಳೂ ನಿಂತಲ್ಲೇ ನಿಲ್ಲುವುದಿಲ್ಲ. ಜರ್ಮನಿಯಲ್ಲಿ ಮದುವೆಯಾದ ಹೆಂಗಸು ಗಂಡನ ಹೆಸರನ್ನೇ ಹೊರಬೇಕೆಂದು ಕಾನೂನಿತ್ತು. 1976ರ ಜುಲೈಯಿಂದ ದಂಪತಿ ಇಬ್ಬರಲ್ಲಿ ಯಾರ ಹೆಸರನ್ನಾದರೂ ಆರಿಸಿಕೊಳ್ಳಬಹುದಾಯಿತು. 1994ರಿಂದ ಇಬ್ಬರೂ ತಂತಮ್ಮ ಹೆಸರು ಉಳಿಸಿಕೊಳ್ಳಬಹುದಾಯಿತು. 2025ರ ಮೇ ತಿಂಗಳಿಂದ ಎರಡನ್ನೂ ಜೋಡಿಸಿ ಒಂದೇ ಹೆಸರು ಮಾಡಿಕೊಳ್ಳಲೂ ಅವಕಾಶವಿದೆ. ವಿರಳ ಹೆಸರಿನ ಮನೆಯಲ್ಲಿ ಹೆಣ್ಣುಮಗಳೊಬ್ಬಳೇ ಇದ್ದರೂ ಹೆಸರು ಮುಂದೆ ಹೋಗುವ ದಾರಿ ತೆರೆಯಿತು. ಅದೇ 1976ರ ಡಿಸೆಂಬರಿನಲ್ಲಿ ಕೇರಳದಲ್ಲಿ ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯನ್ನು ರದ್ದುಮಾಡುವ ಕಾನೂನು ಜಾರಿಗೆ ಬಂತು. ಅಳಿಯಸಂತಾನದ ಕುಟುಂಬದ ಆಸ್ತಿ ಪಾಲಾಯಿತು. ಬಳಿ ಮಾತ್ರ ಮದುವೆಯ ಮಾತುಕತೆಯಲ್ಲಿ ಉಳಿದಿದೆ.

ಹೆಸರಿನ ಅಕ್ಷರಗಳ ವಿಷಯ ಬೇರೆಯೇ ಇದೆ. ಜರ್ಮನಿಯಲ್ಲಿ ಹಿಂದೆ ಪಾದ್ರಿ ಕಿವಿಗೆ ಬಿದ್ದ ಹಾಗೆ ಹೆಸರು ಬರೆದುಕೊಳ್ಳುತ್ತಿದ್ದ. ಒಂದೇ ಮನೆಯ ಅಣ್ಣತಮ್ಮಂದಿರ ಹೆಸರು ಎರಡು ಬಗೆ ಆಗುತ್ತಿತ್ತು. 1876ರಲ್ಲಿ ದೇಶಕ್ಕೆಲ್ಲ ಸರ್ಕಾರಿ ಜನನ, ಮರಣ, ಮದುವೆ ನೋಂದಣಿ ಬಂದ ಮೇಲೆ ಅಂದಿನ ಗುಮಾಸ್ತ ಬರೆದದ್ದೇ ಖಾಯಂ ಆಯಿತು. ಸಕಾರಣವಿಲ್ಲದೆ ಬದಲಿಸುವಂತಿಲ್ಲ.

ನಮ್ಮ ಹೆಸರುಗಳು ಈಗ ಆ ಘಟ್ಟದಲ್ಲಿವೆ. ಕನ್ನಡದಲ್ಲಿ ಇಟ್ಟ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮಲಯಾಳಕ್ಕೆ ಬರುವಾಗ ಒಂದು ದೀರ್ಘ ಹೋಗುತ್ತದೆ, ಒಂದು ಒತ್ತು ಸೇರುತ್ತದೆ. ಮಂಜೇಶ್ವರ ‘ಮಂಜೇಶ್ವರಂ’ ಆಗುತ್ತದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನ ‘ಞ್ಞ’ವನ್ನು ಇಂಗ್ಲಿಷ್ ಅಕ್ಷರ ಹೊರಲಾರದು. ಮನೆಯ ಹೆಸರು, ಜಾಗದ ಹೆಸರು ಅರ್ಜಿಯಲ್ಲಿ ಒಂದೇ ಇನಿಶಿಯಲ್ ಆಗಿ ಮುದುಡುತ್ತದೆ. ಆ ಒಂದು ಅಕ್ಷರ ಯಾವ ಗುಡ್ಡದ್ದು, ಯಾವ ಬೈಲಿನದು ಎಂದು ಮೊಮ್ಮಕ್ಕಳಿಗೆ ಗೊತ್ತಾಗುವುದು ಹೇಗೆ?

ಜರ್ಮನರು ಗುಂಡರ್ಟಿನಂಥ ಸಣ್ಣ ಹೆಸರಿನ ಬೇರನ್ನೂ ಹುಡುಕಬಲ್ಲರು, ಯಾಕೆಂದರೆ ಚರ್ಚಿನ ಪುಸ್ತಕ, ತೆರಿಗೆಯ ಪಟ್ಟಿ, ಫೋನಿನ ಪಟ್ಟಿ ಎಲ್ಲ ಉಳಿದಿವೆ. ನಮ್ಮಲ್ಲಿ ಹೆಚ್ಚಿನದು ಹಿರಿಯರ ಬಾಯಲ್ಲಿದೆ. ಶಾಲೆಯ ಮಕ್ಕಳಿಗೆ ಒಂದು ಕೆಲಸ ಕೊಡಬಹುದು: ಮನೆಯ ಹೆಸರು, ಅದರ ಅರ್ಥ, ಅಜ್ಜಿಯ ತವರಿನ ಹೆಸರು, ಬಳಿ ಇದ್ದರೆ ಬಳಿ, ಇಷ್ಟನ್ನು ಕೇಳಿ ಕನ್ನಡ ಅಕ್ಷರದಲ್ಲೇ ಬರೆದು ತರಲಿ. ವಾಚನಾಲಯದಲ್ಲಿ ಒಂದು ನೋಟುಪುಸ್ತಕ ಅದಕ್ಕೆಂದು ಇಟ್ಟರೆ ಸಾಕು. ಅಜ್ಜಿಯ ತವರನ್ನು ಬಿಡಬೇಡಿ. ಮರೀ ಗುಂಡರ್ಟಳ ಹಾಗೆ ಲೆಕ್ಕದಿಂದ ಜಾರುವುದು ಹೆಚ್ಚಾಗಿ ಆ ಕವಲೇ.